ಯಾವಾಗ ಕಿತ್ತಿದ್ದು? ರೈತಸಂತೆ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ರೈತಸಂತೆಯ ಬಗ್ಗೆ ಬಂದ ಪತ್ರಗಳಲ್ಲಿ ಅರ್ಧ ಬೆಳೆಯುವವರದು, ಇನ್ನರ್ಧ ಕೊಳ್ಳುವವರದು. ಇಬ್ಬರ ದೂರೂ ಒಂದೇ: ಬೆಲೆ ಗಿಟ್ಟುತ್ತಿಲ್ಲ. ಹೀಗೆ ಒಂದೇ ಮಾತನ್ನು ಎರಡೂ ಕಡೆಯವರು ಹೇಳುತ್ತಿದ್ದಾರೆ ಅಂದರೆ ಲೆಕ್ಕ ಎಲ್ಲೋ ತಪ್ಪುತ್ತಿದೆ. ಆಯ್ದ ಎಂಟು ಪ್ರಶ್ನೆಗಳು ಇಲ್ಲಿವೆ.

ಒಂದು ಎಕರೆಯಲ್ಲಿ ಬದನೆ, ಬೀನ್ಸ್ ಹಾಕಿದ್ದೇನೆ. ಬಂಡಿಪಾಳ್ಯದ ಮಂಡಿಗೆ ಹಾಕಿದರೆ ಕೆ.ಜಿ.ಗೆ 18 ಸಿಕ್ಕಿದರೆ ಹೆಚ್ಚು. ಅದೇ ಬದನೆ ಮೈಸೂರಿನ ಅಂಗಡಿಯಲ್ಲಿ 40. ಭಾನುವಾರ ನಾನೇ ಕೂತು ಮಾರಿದರೆ ಲಾಭವಲ್ಲವೇ?
— ಬೆಳೆಗಾರ, ಪಾಂಡವಪುರ ತಾಲ್ಲೂಕು

ಅರ್ಧ ಹೌದು, ಅರ್ಧ ಅಲ್ಲ. ಮೊದಲು ಆ 22 ರೂಪಾಯಿ ಅಂತರ ಎಲ್ಲಿ ಹೋಗುತ್ತದೆ ನೋಡಿ. ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗ್ರಾಹಕ ಕೊಡುವ ಪ್ರತಿ ರೂಪಾಯಿಯಲ್ಲಿ ರೈತನಿಗೆ ಸೇರುವುದು ಟೊಮೆಟೊದಲ್ಲಿ 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದದ್ದೆಲ್ಲ ದಲ್ಲಾಳಿಯ ಜೇಬಿಗೇ ಹೋಗುತ್ತದೆ ಅನ್ನುವುದು ಸಿಟ್ಟಿನ ಮಾತು, ಲೆಕ್ಕದ್ದಲ್ಲ. ಗಾಡಿ ಬಾಡಿಗೆ, ಹಮಾಲಿ, ಅಂಗಡಿ ಬಾಡಿಗೆ, ಕೊಳೆತು ಎಸೆದದ್ದು ಎಲ್ಲವೂ ಅದರೊಳಗಿದೆ. ನೀವೇ ಕೂತು ಮಾರಿದರೆ ಆ ಖರ್ಚು ಮಾಯವಾಗುವುದಿಲ್ಲ, ನಿಮ್ಮ ತಲೆಗೆ ಬರುತ್ತದೆ.

ಉದಾಹರಣೆಗೆ 60 ಕೆ.ಜಿ. ಬದನೆ ಇಟ್ಟುಕೊಳ್ಳಿ. ಮಂಡಿಗೆ ಹಾಕಿದರೆ 18ರಂತೆ 1,080. ಸಾಗಣೆಗೆ ಕೆ.ಜಿ.ಗೆ ಒಂದೂವರೆ ರೂಪಾಯಿ ಹಿಡಿದರೆ 90 ಹೋಗಿ ಕೈಗೆ 990. ಸಂತೆಯಲ್ಲಿ 30ರಂತೆ 45 ಕೆ.ಜಿ. ಹೋಯಿತು, 1,350. ಹತ್ತೂವರೆಯ ಮೇಲೆ ಬಿಸಿಲೇರಿ 10 ಕೆ.ಜಿ.ಯನ್ನು 20ಕ್ಕೆ ಬಿಟ್ಟಿರಿ, 200. ಐದು ಕೆ.ಜಿ. ಬಾಡಿ ದನಕ್ಕೆ. ಒಟ್ಟು 1,550. ಲಗೇಜ್ ಆಟೊ 350, ಜಾಗದ ಸುಂಕ 50, ಚೀಲ 40, ತಿಂಡಿ-ಕಾಫಿ 100, ಸೇರಿ 540 ಕಳೆಯಿರಿ. ಕೈಯಲ್ಲಿ ಉಳಿದದ್ದು 1,010. ಇಪ್ಪತ್ತು ರೂಪಾಯಿಗೆ ಒಂದು ದಿನ ಹೋಯಿತು.

ಇಲ್ಲಿ ತಪ್ಪಿದ್ದು ಬೆಲೆಯಲ್ಲ, ಒಂದೇ ಬೆಳೆ ತಂದದ್ದು. ಒಂದು ಮನೆಗೆ ವಾರಕ್ಕೆ ಅರ್ಧ ಕೆ.ಜಿ. ಬದನೆ ಸಾಕು. ಅರವತ್ತು ಕೆ.ಜಿ. ಖಾಲಿಯಾಗಲು ನೂರಿಪ್ಪತ್ತು ಗಿರಾಕಿ ಬೇಕು. ನಾಲ್ಕು ಗಂಟೆಯಲ್ಲಿ ಒಬ್ಬ ಮನುಷ್ಯ ತೂಗಿ, ಚಿಲ್ಲರೆ ಕೊಟ್ಟು, ಮಾತಾಡಿ ಕಳಿಸಲು ಆಗುವುದು ಅದರ ಅರ್ಧ. ಅದೇ ಗಿರಾಕಿ ನಿಮ್ಮಲ್ಲೇ ಬದನೆ, ಬೀನ್ಸ್, ಮೂಲಂಗಿ, ಎರಡು ಕಟ್ಟು ಸೊಪ್ಪು, ನಿಂಬೆಹಣ್ಣು ತೆಗೆದುಕೊಂಡರೆ ಅರವತ್ತೇ ಜನ ಸಾಕು. ಎಂಟು ಬಗೆ ಸೇರಿ 120 ಕೆ.ಜಿ. ತಂದು, ಪಕ್ಕದ ಜಮೀನಿನವರ ಜೊತೆ ಆಟೊ ಹಂಚಿಕೊಂಡರೆ ಲೆಕ್ಕ ಹೀಗೆ ತಿರುಗುತ್ತದೆ: ಸರಾಸರಿ 32ರಂತೆ 95 ಕೆ.ಜಿ.ಗೆ 3,040, ಕೊನೆಗೆ 20ರಂತೆ 15 ಕೆ.ಜಿ.ಗೆ 300, ಹತ್ತು ಕೆ.ಜಿ. ನಷ್ಟ. ಖರ್ಚು 405 ಕಳೆದು 2,935. ಅದೇ ಮಾಲನ್ನು ಸರಾಸರಿ 20ರಂತೆ ಮಂಡಿಗೆ ಹಾಕಿದ್ದರೆ ಸಾಗಣೆ ಕಳೆದು 2,220. ಅಂತರ 715, ಅಂದರೆ ಒಬ್ಬರ ಕೂಲಿ ಹುಟ್ಟಿತು. ನಿಮ್ಮೂರಿನ ಬೆಲೆ ಹಾಕಿ ಇದನ್ನೇ ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ.

ಹಾಗಾಗಿ ಸಂತೆಗೆ ಅಂತಲೇ ಎಂಟು ಹತ್ತು ಗುಂಟೆ ಬೇರೆ ಇಡಿ. ಅದರಲ್ಲಿ ವಾರಕ್ಕೊಂದು ಪಾತಿ ಬಿತ್ತಬೇಕು, ಎಲ್ಲ ಒಂದೇ ದಿನವಲ್ಲ. ಮೆಂತ್ಯ 25–30 ದಿನಕ್ಕೆ ಬರುತ್ತದೆ, ಕೊತ್ತಂಬರಿ 35–40ಕ್ಕೆ, ಮೂಲಂಗಿ 40–45ಕ್ಕೆ, ಬೆಂಡೆಯ ಮೊದಲ ಕೊಯ್ಲು 45–50ಕ್ಕೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಲ್ಲೋ ಮಣೆಯಲ್ಲೋ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಇಡೀ ಕಾಳು ಹಾಕಿದರೆ ಮೊಳಕೆ ತಡ, ಅದೂ ಹಿಂದುಮುಂದು. ಬೀನ್ಸ್ ಹದಿನೈದು ದಿನಕ್ಕೊಮ್ಮೆ ಸಾಕು.

ಮಂಡಿಯನ್ನು ಬಿಡಬೇಡಿ. ಹೊಲದಲ್ಲಿ ಒಮ್ಮೆಲೇ ಮೂರು ಕ್ವಿಂಟಲ್ ಬಂದರೆ ಅದನ್ನು ಕೊಳ್ಳುವ ಶಕ್ತಿ ಯಾವ ಸಂತೆಗೂ ಇಲ್ಲ. ಆದರೆ ಮಂಡಿಯಲ್ಲಿ ಅಧಿಕೃತ ರಸೀದಿಯಲ್ಲದ ಬಿಳಿ ಚೀಟಿ ಇಸಿದುಕೊಂಡು ಬರಬೇಡಿ. 1966ರ ಕರ್ನಾಟಕ ಕೃಷಿ ಮಾರುಕಟ್ಟೆ ಕಾಯ್ದೆಯ ವ್ಯವಸ್ಥೆಯಲ್ಲಿ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ನಿಮ್ಮ ಹಣದಲ್ಲಿ ಹಿಡಿದಿದ್ದರೆ ಆ ಚೀಟಿಯನ್ನೇ ಇಟ್ಟುಕೊಂಡು ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೆ ಬರೆದು ಕೊಡಿ. ಬಾಯಿಮಾತಿನ ದೂರು ಆ ಗೇಟು ದಾಟುವುದಿಲ್ಲ.

ಮನೆ ಬಾಗಿಲಿಗೆ ಬರುವ ತಳ್ಳುಗಾಡಿಯಲ್ಲೂ ಅಷ್ಟೇ ಬೆಲೆ, ಕೆಲವೊಮ್ಮೆ ಕಡಿಮೆ. ಹಾಗಿದ್ದರೆ ಬೆಳಿಗ್ಗೆ ಎದ್ದು ಸಂತೆಗೆ ಯಾಕೆ ಹೋಗಬೇಕು?
— ಗೃಹಿಣಿ, ಕುವೆಂಪುನಗರ, ಮೈಸೂರು

ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿಗೆ ಹೋಗಬೇಡಿ. ಅವು ತಿಂಗಳುಗಟ್ಟಲೆ ಇಟ್ಟು ಮಾರುವ ಮಾಲು. ಎಲ್ಲಿ ಕೊಂಡರೂ ಒಂದೇ.

ಸಂತೆಯಲ್ಲಿ ನೀವು ಕೊಳ್ಳುತ್ತಿರುವುದು ಗಂಟೆಗಳನ್ನು. ಕಿತ್ತ ಮೇಲೂ ತರಕಾರಿ ಉಸಿರಾಡುತ್ತದೆ, ತನ್ನೊಳಗಿನ ಸಕ್ಕರೆಯನ್ನೇ ಸುಟ್ಟುಕೊಳ್ಳುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ. ಹೊಲದಿಂದ ಮಂಡಿ, ಮಂಡಿಯಿಂದ ಗಾಡಿ, ಗಾಡಿಯಿಂದ ನಿಮ್ಮ ಮನೆ ಅನ್ನುವಷ್ಟರಲ್ಲಿ ಸೊಪ್ಪಿಗೆ ಒಂದು ಹಗಲು ಒಂದು ರಾತ್ರಿ ಕಳೆದಿರುತ್ತದೆ. ಎಳೆ ಜೋಳದ ಸಿಹಿ ಹಿಟ್ಟಾಗುವುದು, ಬೀನ್ಸ್ ‘ಪಟ್’ ಎನ್ನದೆ ಬಾಗುವುದು, ಮಾಗಿ ಚಳಿಯ ಅವರೆಕಾಯಿ ಸೊಗಡು ಕಳೆದುಕೊಳ್ಳುವುದು ಇದೇ ಹೊತ್ತಿನಲ್ಲಿ. ಆದ್ದರಿಂದ ಸೊಪ್ಪು, ಅವರೆ, ಎಳೆ ಜೋಳ, ಬೆಂಡೆ, ಹೂವು, ವೀಳ್ಯದೆಲೆ ಇವುಗಳಿಗೆ ಸಂತೆ. ಬೆರಕೆ ಸೊಪ್ಪಂತೂ ಗಾಡಿಯಲ್ಲಿ ಸಿಗುವುದೇ ಅಪರೂಪ. ಹೊಲದ ಬದುವಿನಲ್ಲಿ ಗೋಣಿಸೊಪ್ಪು, ಅಣ್ಣೆಸೊಪ್ಪು, ಹೊನಗೊನ್ನೆ ಆರಿಸಿಕೊಂಡು ತರುವವರು ಇದ್ದರೆ ಮಾತ್ರ ಮಸ್ಸೊಪ್ಪಿಗೆ ಆ ರುಚಿ. ಈರನಗೆರೆ ಬದನೆಯದೂ ಅದೇ ಕತೆ, ಮೈಸೂರು ಬಿಟ್ಟರೆ ಅದನ್ನು ಕೇಳುವವರೇ ಇಲ್ಲ.

ಆದರೆ ಸಂತೆಯಲ್ಲಿ ಕೂತವರೆಲ್ಲ ಬೆಳೆದವರಲ್ಲ. ಒಬ್ಬನ ಮುಂದೆ ಇಪ್ಪತ್ತು ಬಗೆ ಇದ್ದು, ಅದರಲ್ಲಿ ಊಟಿ ಕ್ಯಾರೆಟ್ಟು, ಬಣ್ಣಬಣ್ಣದ ದಪ್ಪ ಮೆಣಸಿನಕಾಯಿ, ಸೇಬು ಇದ್ದರೆ ಅದು ಮಂಡಿಯಿಂದ ಬಂದ ಮಾಲು. ಮಾರಲಿ, ತಪ್ಪಲ್ಲ, ಆದರೆ ನೀವು ಹುಡುಕಿ ಬಂದದ್ದು ಅದನ್ನಲ್ಲ. ಬೆಳೆದವರ ರಾಶಿಯಲ್ಲಿ ಸಣ್ಣದು ದೊಡ್ಡದು ಬೆರೆತಿರುತ್ತದೆ. ಎರಡು ಪ್ರಶ್ನೆ ಕೇಳಿ: ಯಾವಾಗ ಕಿತ್ತಿದ್ದು? ಮುಂದಿನ ವಾರ ಏನು ತರುತ್ತೀರಿ? ಎರಡನೆಯದಕ್ಕೆ ಬೆಳೆಗಾರ ತಡವರಿಸುವುದಿಲ್ಲ, ಅವನ ಹೊಲದಲ್ಲಿ ಏನು ಹೂ ಬಿಟ್ಟಿದೆ ಅನ್ನುವುದು ಅವನ ಕಣ್ಣೆದುರೇ ಇರುತ್ತದೆ.

ನಮ್ಮ ಸಂಘದ ಹೆಂಗಸರು ಸೊಪ್ಪು ತರುತ್ತೇವೆ. ಎಂಟು ಗಂಟೆಗೆ ಚೆನ್ನಾಗಿರುತ್ತದೆ, ಹತ್ತಕ್ಕೆ ತಲೆ ಬಾಗಿಸುತ್ತದೆ. ನೀರು ಚಿಮುಕಿಸುತ್ತಲೇ ಇದ್ದರೂ ಉಳಿಯುವುದಿಲ್ಲ. ಏನು ಮಾಡಬೇಕು?
— ಸ್ವಸಹಾಯ ಸಂಘದ ಸದಸ್ಯೆ, ಕೆ.ಆರ್. ನಗರ ತಾಲ್ಲೂಕು

ಹತ್ತು ಗಂಟೆಗೆ ಬಾಡುವ ಸೊಪ್ಪು ಹಿಂದಿನ ದಿನವೇ ಕೆಟ್ಟಿರುತ್ತದೆ. ಎಲೆಯ ಮೇಲೆ ಎರಚಿದ ನೀರು ಒಳಗೆ ಹೋಗುವುದಿಲ್ಲ. ಬೇರಿನಿಂದ, ಕತ್ತರಿಸಿದ ಕಾಂಡದಿಂದಷ್ಟೇ ಅದು ಕುಡಿಯುವುದು.

ಕೀಳುವ ಹೊತ್ತಿನಿಂದ ಶುರು ಮಾಡಿ. ಮಧ್ಯಾಹ್ನ ಕಿತ್ತ ಸೊಪ್ಪು ಹೊಲದ ಬಿಸಿಯನ್ನು ಹೊತ್ತೇ ಬರುತ್ತದೆ. ಸಂತೆ ಹತ್ತಿರವಿದ್ದರೆ ನಸುಕಿನಲ್ಲಿ ಕೀಳಿ, ದೂರವಿದ್ದರೆ ಹಿಂದಿನ ಸಂಜೆ ಐದರ ಮೇಲೆ. ಬೇರು ಸಮೇತ ಕಿತ್ತು ಮಣ್ಣು ಕೊಡವಿ, ನೆರಳಲ್ಲಿ ಒಂದೇ ಪದರವಾಗಿ ಹರಡಿ ಅರ್ಧ ಗಂಟೆ ಬಿಸಿ ಇಳಿಸಿ. ಆಮೇಲೆ ಬೇರು ಮಾತ್ರ ಮುಳುಗುವಂತೆ ಹತ್ತು ನಿಮಿಷ ಶುದ್ಧ ನೀರಿನಲ್ಲಿ ನಿಲ್ಲಿಸಿ, ನೀರು ಸೋರಲು ಬಿಡಿ. ನಾಲೆ ನೀರು, ಕೆರೆ ನೀರು ಬೇಡ. ಹಸಿಯಾಗಿ ಚಟ್ನಿಗೆ ಹೋಗುವ ಕೊತ್ತಂಬರಿ, ಪುದೀನಕ್ಕೆ ಕುಡಿಯುವ ನೀರೇ ಆಗಬೇಕು.

ಕಟ್ಟು ಕಟ್ಟುವಾಗ ಬಿಗಿ ಮಾಡಬೇಡಿ. ಕೈಮುಷ್ಟಿಗಿಂತ ದಪ್ಪನೆಯ ಬಿಗಿ ಕಟ್ಟಿನ ನಡುವೆ ಗಾಳಿಯಾಡದೆ ಬಿಸಿ ಏರುತ್ತದೆ. ಹೊರಗೆ ಹಸಿರು ಕಾಣುತ್ತದೆ, ಬಿಚ್ಚಿದರೆ ಒಳಗೆ ಹಳದಿ. ರಬ್ಬರ್ ಬ್ಯಾಂಡಿಗಿಂತ ಬಾಳೆನಾರು ವಾಸಿ, ಎಲೆ ಕೊಯ್ಯುವುದಿಲ್ಲ. ಕ್ರೇಟಿನ ತಳಕ್ಕೆ ಒದ್ದೆ ಗೋಣಿಚೀಲ ಹಾಸಿ ಬೇರು ಕೆಳಗಾಗಿ ನಿಲ್ಲಿಸಿ, ಮೇಲೆ ಹಿಂಡಿದ ಒದ್ದೆ ಗೋಣಿ ಮುಚ್ಚಿ. ಹಿಂಡದೆ ಹಾಕಿದರೆ ನೀರು ತೊಟ್ಟಿಕ್ಕಿ ಮೆಂತ್ಯ, ಕೊತ್ತಂಬರಿಯ ಎಲೆ ಕಪ್ಪಾಗಿ ಕೊಳೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ತರುವುದು ಇನ್ನೂ ಕೆಟ್ಟದು. ಸಂತೆಯಲ್ಲಿ ಎಲ್ಲ ಕಟ್ಟನ್ನೂ ಒಮ್ಮೆಲೇ ಹರಡಬೇಡಿ. ಇಪ್ಪತ್ತು ಹೊರಗಿಡಿ, ಉಳಿದದ್ದು ಗೋಣಿಯಡಿಯಲ್ಲೇ ಇರಲಿ.

ಆಟೊದಲ್ಲಿ ಜೊತೆಗೆ ಏನಿದೆ ಅನ್ನುವುದೂ ಮುಖ್ಯ. ಹಣ್ಣಾದ ಬಾಳೆ, ಪರಂಗಿ, ಕೆಂಪು ಟೊಮೆಟೊ ಎಥಿಲೀನ್ ಎಂಬ ಮಾಗಿಸುವ ಅನಿಲ ಬಿಡುತ್ತವೆ. ಅದರ ಪಕ್ಕದಲ್ಲಿ ಸೊಪ್ಪು, ಸೌತೆಕಾಯಿ ಹಳದಿಗೆ ತಿರುಗುತ್ತವೆ, ಹೂವು ಬೇಗ ಮುದುಡುತ್ತದೆ. ಬೆಂಡೆಕಾಯಿಯನ್ನು ಒದ್ದೆ ಮಾಡಲೇಬೇಡಿ, ಏಣು ಕಪ್ಪಾಗುತ್ತದೆ. ಬದನೆಯನ್ನು ಜಗ್ಗದೆ ಕತ್ತರಿಯಲ್ಲಿ ಒಂದಂಗುಲ ತೊಟ್ಟು ಬಿಟ್ಟು ಕತ್ತರಿಸಿ.

ವಾರಕ್ಕೆ ಎರಡು ಮೂರು ಸಂತೆ ಮಾಡುವವರು ವಿದ್ಯುತ್ ಬೇಡದ ತಂಪು ತೊಟ್ಟಿ ಕಟ್ಟಿಕೊಳ್ಳಬಹುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಮಾದರಿ ಅದು. ನೆರಳು, ಗಾಳಿ ಎರಡೂ ಇರುವ ಕಡೆ 165 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲಕ್ಕೆ ಇಟ್ಟಿಗೆ ಹಾಸಿ, ಸುತ್ತ 67.5 ಸೆಂ.ಮೀ. ಎತ್ತರಕ್ಕೆ ಎರಡು ಗೋಡೆ, ನಡುವೆ 7.5 ಸೆಂ.ಮೀ. ಸಂದು. ಆ ಸಂದಿಗೆ ತೊಳೆದ ಮರಳು ತುಂಬಿ ಬೆಳಿಗ್ಗೆ ಸಂಜೆ ನೆನೆಸಬೇಕು. ಸುಮಾರು 400 ಇಟ್ಟಿಗೆ ಹಿಡಿಯುತ್ತದೆ, ನೂರು ಕೆ.ಜಿ. ತರಕಾರಿ ಕೂರುತ್ತದೆ. ಗಾರೆ ಹಾಕಿ ಗಿಲಾವು ಮಾಡಿದಿರೋ ಕೆಟ್ಟಿತು, ಇಟ್ಟಿಗೆ ಬೆವರಬೇಕು. ಮಾರ್ಚ್–ಏಪ್ರಿಲ್‌ನ ಒಣ ಬಿಸಿಲಲ್ಲಿ ಹೊರಗಿಗಿಂತ ಒಳಗೆ 10–15 ಡಿಗ್ರಿ ಕಡಿಮೆ ಇರುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಆಗ ಇದರಿಂದ ಹೆಚ್ಚು ನಿರೀಕ್ಷಿಸಬೇಡಿ.

ಎಲೆಕ್ಟ್ರಾನಿಕ್ ತಕ್ಕಡಿಯಲ್ಲೂ ಮೋಸ ಸಾಧ್ಯವೇ? ಅಲ್ಲೇ ನಿಂತು ಪರೀಕ್ಷಿಸುವುದು ಹೇಗೆ?
— ನಿವೃತ್ತ ಶಿಕ್ಷಕ, ಮಂಡ್ಯ

ಸಾಧ್ಯ. ಆದರೆ ಮೋಸಕ್ಕಿಂತ ಅಜಾಗರೂಕತೆಯೇ ಹೆಚ್ಚು. ತಕ್ಕಡಿ ಓರೆಯಾಗಿದ್ದರೆ ತೂಕ ತಪ್ಪುತ್ತದೆ. ಅದರ ಮೇಲಿನ ಗಾಜಿನ ಗುಳ್ಳೆ ವೃತ್ತದ ನಡುವೆ ಇರಬೇಕು. ಬುಟ್ಟಿ ಇಟ್ಟ ಮೇಲೆ ಸೊನ್ನೆ ಮಾಡಿದರೋ, ಬುಟ್ಟಿ ಸಮೇತ ತೂಗಿದರೋ ನೋಡಿ.

ಅಳತೆಗೆ ಹಾಲಿನ ಪ್ಯಾಕೆಟ್ ಒಳ್ಳೆಯ ಬಟ್ಟು. ಮೇಲೆ ಬರೆದ ಮಿಲಿಲೀಟರನ್ನು 1.03ರಿಂದ ಗುಣಿಸಿದರೆ ಗ್ರಾಂ. ಅರ್ಧ ಲೀಟರಿನ ಪ್ಯಾಕೆಟ್ ಕವರು ಸೇರಿ 520 ಗ್ರಾಂ ಆಸುಪಾಸು ತೋರಿಸಬೇಕು. 540, 550 ತೋರಿಸಿದರೆ ಆ ತಕ್ಕಡಿ ನಿಮ್ಮ ತರಕಾರಿಯನ್ನೂ ಹಾಗೇ ಉಬ್ಬಿಸುತ್ತದೆ. ಇನ್ನೊಂದು: 30 ಕೆ.ಜಿ. ತೂಗುವ, 5 ಗ್ರಾಂ ಹೆಜ್ಜೆಯ ತಕ್ಕಡಿ 100 ಗ್ರಾಮಿಗಿಂತ ಕೆಳಗೆ ನಂಬಿಕೆಗೆ ಅರ್ಹವಲ್ಲ, ಅದರ ಫಲಕದ ಮೇಲೇ ಕನಿಷ್ಠ ತೂಕ ಬರೆದಿರುತ್ತದೆ. 50 ಗ್ರಾಂ ಶುಂಠಿಯನ್ನು ಅದರಲ್ಲಿ ತೂಗಿಸಿ ಜಗಳವಾಡಬೇಡಿ.

ಮಾರುವವರಿಗೂ ಒಂದು ಮಾತು. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ, ಕಬ್ಬಿಣದ ಬಟ್ಟಿಗೆ ಎರಡು ವರ್ಷಕ್ಕೊಮ್ಮೆ ಆಗಬೇಕು. ‘ನಾನು ರೈತ’ ಅಂದರೆ ಇದರಿಂದ ವಿನಾಯಿತಿ ಇಲ್ಲ.

ಮಂಡ್ಯದ ಬೆಲ್ಲ ಅಂತ ಸಂತೆಯಲ್ಲಿ ಕಪ್ಪು ಬೆಲ್ಲಕ್ಕೆ ದುಪ್ಪಟ್ಟು ಹೇಳುತ್ತಾರೆ. ಕಪ್ಪಾಗಿದ್ದರೆ ಶುದ್ಧ ಅಂತ ಅರ್ಥವೇ? ಪಾಯಸ ಮಾಡಿದರೆ ಹಾಲು ಒಡೆಯಿತು, ಅದು ಕಲಬೆರಕೆಯೇ?
— ಓದುಗರು, ಸರಸ್ವತಿಪುರಂ, ಮೈಸೂರು

ಎರಡೂ ಅಲ್ಲ. ಬಿಳಿಚಿದ ಹಳದಿ ಬೆಲ್ಲವನ್ನು ಅನುಮಾನಿಸುವುದು ಸರಿ. ಆಲೆಮನೆಯಲ್ಲಿ ಬಣ್ಣ ಬರಲೆಂದು ಕೊಪ್ಪರಿಗೆಗೆ ‘ಹೈಡ್ರೋಸ್’ ಪುಡಿ ಹಾಕುವ ಅಭ್ಯಾಸವಿದೆ, ಸೋಡಿಯಂ ಹೈಡ್ರೋಸಲ್ಫೈಟ್ ಅದು. ಹಾಗೆ ಬಿಳಿ ಮಾಡಿದ ಬೆಲ್ಲ ಕೆಲವು ವಾರ ಇಟ್ಟರೆ ಮತ್ತೆ ಕಂದುತ್ತದೆ. ಆದರೆ ಕಪ್ಪು ಬಣ್ಣಕ್ಕೆ ಶುದ್ಧತೆಯೊಂದೇ ಕಾರಣವಲ್ಲ. ಪಾಕ ಹೆಚ್ಚು ಕಾದರೂ, ಮಲಗಿದ ಅಥವಾ ಕಡಿದು ಎರಡು ಮೂರು ದಿನ ಬಿಟ್ಟ ಕಬ್ಬು ಅರೆದರೂ, ಮಡ್ಡಿ ಸರಿಯಾಗಿ ತೆಗೆಯದಿದ್ದರೂ ಬೆಲ್ಲ ಕಪ್ಪೇ. ಹೊಟ್ಟೆಗೆ ಹೋಗುತ್ತಿರುವುದು ಸೀದ ಪಾಕವಿರಬಹುದು, ಅದಕ್ಕೆ ದುಪ್ಪಟ್ಟು ಯಾಕೆ ಕೊಡುತ್ತೀರಿ? ಬೆಂಡೆ ಗಿಡದ ಕಾಂಡದ ಲೋಳೆ, ಸ್ವಲ್ಪ ಸುಣ್ಣ ಹಾಕಿ ಮಡ್ಡಿ ತೆಗೆದ ಒಳ್ಳೆಯ ಬೆಲ್ಲ ಹೊಂಗಂದು ಬಣ್ಣದ್ದು. ಮುರಿದರೆ ಒಳಗೂ ಹೊರಗೂ ಒಂದೇ ಬಣ್ಣ, ನಾಲಿಗೆಗೆ ಉಪ್ಪು ಹತ್ತುವುದಿಲ್ಲ.

ಇನ್ನು ಹಾಲು. ಬೆಲ್ಲ ಸ್ವಭಾವತಃ ಅಲ್ಪ ಹುಳಿ, ಜೊತೆಗೆ ಖನಿಜಾಂಶ ಬೇರೆ. ಕುದಿಯುವ ಹಾಲಿಗೆ ಹಾಕಿದರೆ ಒಡೆಯುವುದು ಸಹಜ. ತಮಾಷೆಯೆಂದರೆ, ಸೋಡಾ ಬೆರೆಸಿ ಹುಳಿ ಕೊಂದ ಬೆಲ್ಲ ಹಾಲನ್ನು ಒಡೆಯದೆ ಇರಬಹುದು. ಬೆಲ್ಲವನ್ನು ಬೇರೆ ಕರಗಿಸಿ ಸೋಸಿ ಪಾಯಸ ಇಳಿಸಿ, ಬಿಸಿ ಆರಿದ ಹಾಲು ಸೇರಿಸಿ. ಕಲಬೆರಕೆ ನೋಡಬೇಕೆಂದರೆ ಒಂದು ಲೋಟ ನೀರಲ್ಲಿ ಒಂದು ತುಂಡು ಕರಗಿಸಿ ಅರ್ಧ ಗಂಟೆ ಬಿಡಿ. ತಳದಲ್ಲಿ ಬಿಳಿ ಪುಡಿ ಕೂತು, ಅದಕ್ಕೆ ನಿಂಬೆರಸ ಬಿಟ್ಟಾಗ ನೊರೆಗುಟ್ಟಿದರೆ ಸೀಮೆಸುಣ್ಣ ಇದೆ. ಸಕ್ಕರೆ ಬೆರೆಸಿದ್ದನ್ನು ಮಾತ್ರ ಮನೆಯಲ್ಲಿ ಖಚಿತವಾಗಿ ಹಿಡಿಯಲಾಗದು. ವರ್ಷಕ್ಕಾಗುವಷ್ಟು ಕೊಳ್ಳುವವರು ಜನವರಿಯಿಂದ ಮಾರ್ಚ್‌ವರೆಗೆ ಕೊಳ್ಳಿ, ಮಳೆಗಾಲದ ಬೆಲ್ಲ ನೀರು ಎಳೆದುಕೊಂಡು ಬೆವರುತ್ತದೆ.

‘ಸಾವಯವ’ ಅಂತ ಬೋರ್ಡು ಹಾಕಿದವರನ್ನೆಲ್ಲ ನಂಬಬಹುದೇ? ಕೀಟನಾಶಕ ತೊಳೆದರೆ ಹೋಗುತ್ತದೆಯೇ?
— ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಬೋರ್ಡಿಗೆ ಕಾಗದದ ಬೆಂಬಲವಿದೆಯೇ ಕೇಳಿ. ಎರಡು ದಾರಿಗಳಿವೆ. ಒಂದು, ಹೊರಗಿನ ಸಂಸ್ಥೆ ಬಂದು ಪರೀಕ್ಷಿಸಿ ಕೊಡುವ ಪ್ರಮಾಣಪತ್ರ. ಇನ್ನೊಂದು ಪಿಜಿಎಸ್–ಇಂಡಿಯಾ, ಕನಿಷ್ಠ ಐದು ರೈತರ ಗುಂಪು ಒಬ್ಬರ ಹೊಲವನ್ನೊಬ್ಬರು ನೋಡಿ ಹೊಣೆ ಹೊರುವ ವ್ಯವಸ್ಥೆ. ಖರ್ಚು ಕಡಿಮೆ, ಸಣ್ಣವರಿಗೆ ಇದೇ ಸರಿ. ಅದರಲ್ಲಿ ‘ಪಿಜಿಎಸ್ ಗ್ರೀನ್’ ಅಂದರೆ ಇನ್ನೂ ಬದಲಾಗುತ್ತಿರುವ ಹೊಲ, ‘ಪಿಜಿಎಸ್ ಆರ್ಗ್ಯಾನಿಕ್’ ಅಂದರೆ ಪೂರ್ತಿ ಆದದ್ದು. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ಬೆಳೆಗಾರರಿಗೆ ಪ್ರಮಾಣಪತ್ರ ಕಡ್ಡಾಯವಲ್ಲ ಅನ್ನುವುದೂ ನಿಜ. ಹಾಗಾಗಿ ಕಾಗದ ಇಲ್ಲದವರೆಲ್ಲ ಸುಳ್ಳರಲ್ಲ. ಆದರೆ ಅವರು ಪ್ರಮಾಣಪತ್ರ ಪಡೆದ ಸಾವಯವ ಮಾಲಿನ ಗುರುತಾದ ಜೈವಿಕ್ ಭಾರತ್ ಮುದ್ರೆ ಹಾಕಿಕೊಂಡಿದ್ದರೆ ಅದು ತಪ್ಪು.

ತೊಳೆದರೆ ಮೇಲ್ಮೈ ಮೇಲಿನದು ಬಹುಪಾಲು ಹೋಗುತ್ತದೆ, ಗಿಡದ ರಸದೊಳಗೆ ಸೇರುವ ಔಷಧಿ ಹೋಗುವುದಿಲ್ಲ. ಉಪ್ಪು, ಹುಣಸೆ, ಅರಿಶಿನದ ನೀರಿಗೆ ನಮ್ಮ ವಿರೋಧವಿಲ್ಲ. ಹರಿಯುವ ನೀರಿನಲ್ಲಿ ಉಜ್ಜುವುದೇ ಅದರಲ್ಲಿನ ಮುಖ್ಯ ಕೆಲಸ. ಬೆಳೆದವನನ್ನು ಕೇಳಬೇಕಾದದ್ದು ‘ಔಷಧಿ ಹೊಡೆದಿದ್ದೀರಾ’ ಎಂದಲ್ಲ, ‘ಹೊಡೆದು ಎಷ್ಟು ದಿನಕ್ಕೆ ಕೊಯ್ದಿರಿ’ ಎಂದು. ಡಬ್ಬದ ಚೀಟಿಯಲ್ಲಿ ಕಾಯಬೇಕಾದ ದಿನ ಅಚ್ಚಾಗಿರುತ್ತದೆ. ದಿನ ಬಿಟ್ಟು ದಿನ ಕೊಯ್ಯುವ ಬೆಂಡೆ, ಬದನೆಯಲ್ಲಿ ಈ ನಿಯಮ ಮುರಿಯುವುದು ಹೆಚ್ಚು, ಏಳು ದಿನ ಕಾದರೆ ಬೆಂಡೆ ಬಲಿತು ಕಡ್ಡಿಯಾಗುತ್ತದಲ್ಲ!

ನಮ್ಮ ಬಡಾವಣೆಯಲ್ಲಿ ಭಾನುವಾರದ ರೈತಸಂತೆ ಶುರು ಮಾಡಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸುವುದು?
— ನಿವಾಸಿಗಳ ಸಂಘ, ಮಂಡ್ಯ

ಉದ್ಘಾಟನೆಯಿಂದ ಅಂತೂ ಬೇಡ. ಶಾಮಿಯಾನ, ಹಾರ, ಭಾಷಣ ಆದ ಸಂತೆಗಳು ನಾಲ್ಕನೇ ವಾರಕ್ಕೆ ಮಾಯವಾಗುತ್ತವೆ.

ಮೊದಲು ಮನೆಗಳ ಲೆಕ್ಕ. ವಾರ ವಾರ ಬರುವ 150 ಮನೆ ಇದ್ದರೆ 12–15 ಬೆಳೆಗಾರರಿಗೆ ಕೆಲಸ, ಅದಕ್ಕಿಂತ ಹೆಚ್ಚು ಕರೆಯಬೇಡಿ. ಒಂದೇ ತರಕಾರಿ ಮಾರುವವರು ಮೂವರಿಗಿಂತ ಹೆಚ್ಚಾದರೆ ಅವರವರಲ್ಲೇ ಬೆಲೆ ಇಳಿಸಿಕೊಂಡು ಮುಂದಿನ ವಾರ ಯಾರೂ ಬರುವುದಿಲ್ಲ. ಸೊಪ್ಪಿನವರು, ಕಾಯಿಪಲ್ಲೆಯವರು, ಹಣ್ಣಿನವರು, ಎಳನೀರು-ತೆಂಗಿನಕಾಯಿಯವರು, ಹೂವಿನವರು, ಬೆಲ್ಲ-ರಾಗಿಯವರು ಹೀಗೆ ಬೆರೆಸಿ.

ಜಾಗಕ್ಕೆ ನಗರಸಭೆಯ ಲಿಖಿತ ಒಪ್ಪಿಗೆ, ರಸ್ತೆಬದಿಯಾದರೆ ಸಂಚಾರ ಪೊಲೀಸರಿಗೆ ಪತ್ರ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ವ್ಯಾಪಾರ ಸಮಿತಿ ಇರುತ್ತದೆ, ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ. ಅವರೊಡನೆ ಮೊದಲೇ ಮಾತಾಡಿ. ದಿನವೂ ಅದೇ ಬೀದಿಯಲ್ಲಿ ಗಾಡಿ ತಳ್ಳುವವನ ಹೊಟ್ಟೆ ಮೇಲೆ ಹೊಡೆದು ಸಂತೆ ಕಟ್ಟುವುದು ನ್ಯಾಯವೂ ಅಲ್ಲ, ಬಾಳುವುದೂ ಇಲ್ಲ. ಒಬ್ಬೊಬ್ಬರಿಗೆ ಆರಡಿ ಅಗಲ ಆರಡಿ ಉದ್ದ, ಎರಡು ಸಾಲಿನ ನಡುವೆ ಹತ್ತಡಿ. ನೆರಳಿಗೆ ಪಶ್ಚಿಮಕ್ಕಲ್ಲ, ಪೂರ್ವಕ್ಕೆ ಮರವೋ ಕಟ್ಟಡವೋ ಇರುವ ಜಾಗ ನೋಡಿ, ಮಾರುವುದು ಬೆಳಿಗ್ಗೆ. ಒಂದು ನಲ್ಲಿ ಬೇಕು. ಹೆಂಗಸರಿಗೆ ಶೌಚಾಲಯ ಬೇಕೇ ಬೇಕು. ನಸುಕಿಗೆ ಮನೆ ಬಿಟ್ಟು ಬಂದವರು ಹನ್ನೊಂದರವರೆಗೆ ನೀರೂ ಕುಡಿಯದೆ ಕೂರುವುದನ್ನು ಯಾವ ಸಮಿತಿಯೂ ಬರೆದಿಡುವುದಿಲ್ಲ.

ಬೆಳೆಗಾರರೇ ಹೌದೋ ಎಂದು ತಿಳಿಯಲು ಪಹಣಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಸಾಲದು, ಜಮೀನಿದ್ದೂ ಮಂಡಿ ಮಾಲು ತರುವವರಿದ್ದಾರೆ. ಎರಡು ತಿಂಗಳಿಗೊಮ್ಮೆ ಇಬ್ಬರು ಹೋಗಿ ಹೊಲ ನೋಡಿ ಬನ್ನಿ. ಗುತ್ತಿಗೆ ಜಮೀನಿನವರಿಗೆ ಪಹಣಿಯಲ್ಲಿ ಹೆಸರಿರುವುದಿಲ್ಲ, ಅವರಿಗೂ ಇದೇ ದಾರಿ.

ಬೆಲೆಯ ವಿಚಾರದಲ್ಲಿ ಬೇರೆ ರಾಜ್ಯದವರು ಮಾಡಿದ್ದು ನೋಡಿ. ಪಂಜಾಬಿನ ‘ಅಪ್ನಿ ಮಂಡಿ’ 1987ರದು. 1999ರಲ್ಲಿ ಆಂಧ್ರದ ‘ರೈತು ಬಜಾರ್’, ಅದೇ ವರ್ಷ ಮದುರೈನಲ್ಲಿ ತಮಿಳುನಾಡಿನ ಮೊದಲ ‘ಉಳವರ್ ಸಂದೈ’ ಬಂದವು. ತಮಿಳುನಾಡಿನ ಸೂತ್ರ ಸರಳ: ಸಗಟು ಬೆಲೆಗಿಂತ ಸುಮಾರು ಶೇ. 20 ಹೆಚ್ಚು, ಚಿಲ್ಲರೆ ಅಂಗಡಿಗಿಂತ ಸುಮಾರು ಶೇ. 15 ಕಡಿಮೆ. ರಾಜ್ಯ ಸರ್ಕಾರದ ಜಾಲತಾಣ ಕೃಷಿ ಮಾರಾಟ ವಾಹಿನಿಯಲ್ಲಿ ಹಿಂದಿನ ದಿನದ ಮಂಡಿ ದರ ಸಿಗುತ್ತದೆ. ಅದನ್ನು ಹಲಗೆಯ ಮೇಲೆ ಬರೆದಿಡಿ, ಚೌಕಾಸಿ ತಾನಾಗಿ ಅರ್ಧಕ್ಕೆ ಇಳಿಯುತ್ತದೆ. ಬೆಲೆ ಕಟ್ಟಲು ಮಾತ್ರ ನೀವು ಹೋಗಬೇಡಿ. ನಾಟಿ ಟೊಮೆಟೊ, ನಾಟಿ ಕೊತ್ತಂಬರಿಗೆ ಮಂಡಿ ದರ ಅನ್ವಯಿಸುವುದಿಲ್ಲ. ನಾಟಿ ಟೊಮೆಟೊದ ಸಿಪ್ಪೆ ತೆಳು, ಕ್ರೇಟಿನಲ್ಲಿ ಎರಡು ಪದರಕ್ಕಿಂತ ಹೆಚ್ಚು ಕೂರಿಸಿದರೆ ಒಡೆಯುತ್ತದೆ, ಲಾರಿ ಹತ್ತಲಾರದು. ಅದು ಉಳಿದಿರುವುದೇ ಸಂತೆಯ ದೆಸೆಯಿಂದ.

ಕೆಡುವುದು ಎಲ್ಲಿ? ಮಳೆ ಬಂದ ಭಾನುವಾರ. ಕೊಳ್ಳುವವರು ಮನೆಯಲ್ಲಿ ಉಳಿದರೆ ಕಿತ್ತದ್ದೆಲ್ಲ ಮಣ್ಣುಪಾಲು. ಶುಕ್ರವಾರವೇ ವಾಟ್ಸಾಪ್ ಗುಂಪಿನಲ್ಲಿ ‘ನಾಲ್ಕು ಕಟ್ಟು ಸೊಪ್ಪು, ಒಂದು ಕೆ.ಜಿ. ಬೀನ್ಸ್’ ಅಂತ ಅರ್ಧದಷ್ಟಾದರೂ ಮೊದಲೇ ಹೇಳಿಸಿಕೊಳ್ಳಿ, ಹೇಳಿದವರು ಮಳೆ ಬಂದರೂ ಹಣ ಕೊಡಬೇಕು. ಉಳಿದ ಮಾಲಿಗೆ ಹತ್ತಿರದ ಹಾಸ್ಟೆಲ್ಲೋ ಮೆಸ್ಸೋ ಒಂದನ್ನು ಗೊತ್ತು ಮಾಡಿ. ವಾರ ತಪ್ಪಿಸಬೇಡಿ, ‘ಹದಿನೈದು ದಿನಕ್ಕೊಮ್ಮೆ’ ಅಂದರೆ ಯಾವ ವಾರ ಅಂತ ಜನ ಮರೆಯುತ್ತಾರೆ, ಬೆಂಡೆಕಾಯಿ ಮಾತ್ರ ಕಾಯುವುದಿಲ್ಲ. ಹಸಿ ತರಕಾರಿ ಮಾರುವ ರೈತರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಡ, ಆದರೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ತರುವವರಿಗೆ ಬೇಕು. ಪ್ಲಾಸ್ಟಿಕ್ ಕೈಚೀಲ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಮೊದಲ ದಿನದಿಂದಲೇ ‘ಚೀಲ ತನ್ನಿ’ ಅನ್ನಿ.

ನಂಜನಗೂಡು ರಸಬಾಳೆ ಎಂದು ಕೊಟ್ಟದ್ದು ನಿಜವಾದದ್ದೇ? ಎಲ್ಲ ಒಂದೇ ಹಳದಿ ಇದ್ದರೆ ಕಾರ್ಬೈಡ್ ಹಾಕಿದ್ದಾರೆ ಎಂದೇ?
— ಓದುಗರು, ಶ್ರೀರಂಗಪಟ್ಟಣ

ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿದೆ, ಅಂದರೆ ಆ ಸೀಮೆಯಲ್ಲಿ ಬೆಳೆದದ್ದಕ್ಕಷ್ಟೇ ಆ ಹೆಸರು. ಆದರೆ ಪನಾಮಾ ಸೊರಗು ರೋಗ ಆ ತೋಟಗಳನ್ನು ಬಹಳ ಕುಗ್ಗಿಸಿದೆ. ವರ್ಷವಿಡೀ ಪ್ರತಿ ಮೂಲೆಯಲ್ಲೂ ಸಿಗುವಷ್ಟು ಅದು ಬೆಳೆಯುವುದೇ ಇಲ್ಲ. ಅಗ್ಗವಾಗಿ ರಾಶಿ ಬಿದ್ದಿದ್ದರೆ ಬೇರೆ ಕಡೆಯ ರಸಬಾಳೆ ಅಂದುಕೊಂಡೇ ಕೊಳ್ಳಿ, ತಿನ್ನಲು ಅದೇನೂ ಕೆಟ್ಟದ್ದಲ್ಲ.

ಕಾರ್ಬೈಡ್ ನಿಷಿದ್ಧ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರುತ್ತದೆ. ಆದರೆ ಒಂದೇ ಹಳದಿ ಅನ್ನುವುದು ಸಾಕ್ಷಿಯಲ್ಲ. ಕೋಣೆಯಲ್ಲಿ 100 ಪಿಪಿಎಂವರೆಗೆ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಎಥಿಲೀನ್ ಬಿಟ್ಟು ಮಾಗಿಸಲು ಅನುಮತಿಯಿದೆ, ಆ ಹಣ್ಣೂ ಹಾಗೇ ಕಾಣುತ್ತದೆ. ಅನುಮಾನವಿದ್ದರೆ ಬಲಿತ ಕಾಯಿ ಚಿಪ್ಪನ್ನೇ ಕೊಂಡು, ಒಂದು ಹಣ್ಣಾದ ಟೊಮೆಟೊ ಜೊತೆ ಕಾಗದದಲ್ಲಿ ಸುತ್ತಿ ಡಬ್ಬದಲ್ಲಿ ಇಡಿ. ಮೂರನೇ ದಿನಕ್ಕೆ ಮಾಗುತ್ತದೆ. ಫ್ರಿಜ್ಜಿಗೆ ಮಾತ್ರ ಇಡಬೇಡಿ, 13 ಡಿಗ್ರಿಗಿಂತ ಕೆಳಗೆ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ಕಾಯಿ ಕಾಯಾಗಿಯೇ ಉಳಿಯುತ್ತದೆ.